ಮಂಜನ ಬೆನ್ನು ಮತ್ತು ಆಸ್ಟ್ರೇಲಿಯಾದ ಕಾಗದ

ಅಂಚೆಚೀಟಿಯ ಮೇಲಿದ್ದ ಪ್ರಾಣಿ ಯಾವುದು ಎಂಬಲ್ಲಿಂದ ಆ ದಿನದ ಗಲಾಟೆ ಸುರುವಾಯಿತು.

"ಅದು ಮೊಲ. ಆ ಕಡೆ ಮೊಲಗಳು ಆಳೆತ್ತರ ಬೆಳೆಯುತ್ತವೆ," ಎಂದರು ಪುರಂದರಣ್ಣ. ನೆಕ್ರಾಜೆಯಲ್ಲಿ ಅವರಿಗೆ ಸಾಕಷ್ಟು ಗದ್ದೆ ಇದ್ದುದರಿಂದ ಅವರ ಮಾತಿಗೆ ಎದುರಾಡುವವರು ಕಡಿಮೆ.

"ಮೊಲಕ್ಕೆ ಅಷ್ಟುದ್ದ ಬಾಲ ಉಂಟಾ? ಹೆಗ್ಗಣ ಅದು," ಎಂದರು ಜಲಜಾಕ್ಷಕ್ಕ. ಆ ಕಡಿಮೆಯವರಲ್ಲಿ ಅವರು ಒಬ್ಬರು.

ಮಂಜನಿಗೆ ಪ್ರಾಣಿಯ ಚಿಂತೆ ಇರಲಿಲ್ಲ. ನೆರೆಮನೆಯ ಇವರಿಬ್ಬರೂ ಹಲ್ಲುಜ್ಜುವ ಹೊತ್ತಿಗೇ ಅವನ ಅಂಗಳಕ್ಕೆ ಬಂದು ತಂದ ಸುದ್ದಿಯೇ ಅವನಿಗೆ ಸಾಕಾಗಿತ್ತು. ನಿನ್ನೆ ಕತ್ತಲಾಗುವ ಹೊತ್ತಿಗೆ ಅಂಚೆ ಚೀಲ ಬಿಚ್ಚುವಾಗ ಇಬ್ಬರೂ ಕಣ್ಣಾರೆ ಕಂಡರಂತೆ: ಆಸ್ಟ್ರೇಲಿಯಾದಿಂದ ಮಂಜನ ಹೆಸರಿಗೆ ಕಾಗದ.

"ನೀನು ಹೊತ್ತು ಬದುಕಿಸಿದ ಸೋಜರನದ್ದೇ ಇರಬೇಕು, ಮಾರಾಯ. ಸಂಜೆ ಓದುವಾಗ ನಾನು ಬಾರದೆ ಸುರು ಮಾಡಬಾರದು ಅಂತ ಮಾಷ್ಟ್ರಿಗೆ ಹೇಳಿಯೇ ಬಂದಿದ್ದೇನೆ," ಎಂದರು ಪುರಂದರಣ್ಣ.

ಮಂಜನ ಮುಖ ಕೆಂಡಕ್ಕೆ ಹಿಡಿದ ಹಪ್ಪಳದ ಹಾಗೆ ಮುರುಟಿತು.

ನೆಕ್ರಾಜೆಯ ಶಾಲೆಗೂ ಅಂಚೆಗೂ ಒಂದೇ ಸೂರು, ಒಬ್ಬರೇ ವೆಂಕಟಕೃಷ್ಣ ಮಾಷ್ಟ್ರು. ಊರಿನಲ್ಲಿ ಇಂಗ್ಲಿಷ್ ಬಲ್ಲವರೂ ಅವರೊಬ್ಬರೇ. ಇಂಗ್ಲಿಷ್ ಕಾಗದ ಯಾರಿಗೇ ಬರಲಿ, ಸಂಜೆ ಶಾಲೆಯ ಜಗಲಿಯಲ್ಲಿ ಎಲ್ಲರ ಮುಂದೆ ಅದನ್ನು ಓದಿ ಕನ್ನಡದಲ್ಲಿ ಹೇಳುವುದು ರೂಢಿ. ಕಾಗದ ಬಂದವನೂ ಉಳಿದವರ ಜೊತೆ ಕುಳಿತೇ ಕೇಳಬೇಕು.

ಮಂಜನ ಸಂಕಟ ಇಷ್ಟೆ: ಸೋಜರನನ್ನು, ಎಂದರೆ ಆ ಬಿಳಿಯ ಸಿಪಾಯಿಯನ್ನು, ಅವನು ಹೊತ್ತಿರಲಿಲ್ಲ. ಸೋಜರನೇ ಅವನನ್ನು ಹೊತ್ತಿದ್ದ.

ಯುದ್ಧಕ್ಕೆ ಮಂಜ ಹೋದದ್ದು ಅಡಿಗೆಯವರ ಸಹಾಯಕ್ಕೆ. ಸಿಂಗಾಪುರ ಬಿದ್ದಾಗ ಸಿಕ್ಕಿಬಿದ್ದ. ಜಪಾನಿನವರು ಹಡಗಿನಲ್ಲಿ ನ್ಯೂಗಿನಿಯ ಕಾಡಿಗೆ ಒಯ್ದು, ಹೊಂಡ ತೋಡಿಸಿ ತೋಡಿಸಿ ಅವನನ್ನು ಕೊಡೆಯ ಕಡ್ಡಿಯಷ್ಟು ಮಾಡಿದರು. ಯುದ್ಧದ ಕೊನೆಯ ವರ್ಷ, ಒಂದು ನೀರಿನ ತೋಡಿನ ಬದಿಯಲ್ಲಿ ಬಿದ್ದಿದ್ದ ಅವನನ್ನು ಆಸ್ಟ್ರೇಲಿಯಾದ ಏಳೆಂಟು ಸಿಪಾಯಿಗಳು ಕಂಡರು. ಅವರಲ್ಲಿ ಬರ್ಟ್ ಎಂಬ ಆರಡಿಯ ಆಳು, ಊರಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವವನು, ಏನೂ ಕೇಳದೆ ಅವನನ್ನು ಬೆನ್ನಿಗೆ ಹಾಕಿಕೊಂಡ. ಎರಡು ದಿನ, ಒಂದು ಗುಡ್ಡ, ಒಂದು ಹೊಳೆ. ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಕುಳಿತಲ್ಲೆಲ್ಲ ತನ್ನ ಪಾಲಿನ ಡಬ್ಬಿಹಾಲಿನಲ್ಲಿ ಬೆರಳು ಅದ್ದಿ ಮಂಜನ ನಾಲಿಗೆಗೆ ಸವರಿದ. ಆಸ್ಪತ್ರೆಯ ಡೇರೆಯಲ್ಲಿ ಮಾತು ಮರಳಿದಾಗ ಮಂಜ ಅವನನ್ನು ಕರೆದದ್ದು ಬರ್ಟಣ್ಣ ಎಂದು.

ಊರಿಗೆ ಬಂದ ದಿನ ಇದನ್ನೇ ಹೇಳಹೊರಟಿದ್ದ. ಅಷ್ಟರಲ್ಲಿ ಪುರಂದರಣ್ಣ, "ಗಂಜಿ ಬಸಿದು ಅನ್ನ ಬಾಗಿಸಲು ಹೋದವ ಯುದ್ಧದಲ್ಲಿ ಎಂತ ಕಡಿದು ಹಾಕಿದೆ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಕತೆ ಎರಡು ದಿನ ಹೊತ್ತ ಜಾಗಕ್ಕೆ ಬಂದಾಗ, "ಯಾರು ಯಾರನ್ನು?" ಎಂದರು ಜಲಜಾಕ್ಷಕ್ಕ. "ನಾನು ಅವನನ್ನು," ಎಂದುಬಿಟ್ಟ ಮಂಜ. ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅದು ಮುಳ್ಳೇರಿಯ ಪೇಟೆ ಮುಟ್ಟಿತ್ತು. ಅಲ್ಲಿಂದ ಕತೆ ಮರಳಿ ಬರುವಾಗ ಬರ್ಟಣ್ಣ ಏಳಡಿಯಾಗಿದ್ದ.

ಅಂದಿನಿಂದ ಊರಿನಲ್ಲಿ ಭಾರವಾದದ್ದು ಏನಿದ್ದರೂ ಅದಕ್ಕೆ ಮಂಜ. ಬಿಳಿಯನನ್ನು ಹೊತ್ತವನಿಗೆ ಇದೆಲ್ಲ ಯಾವ ಲೆಕ್ಕ ಎನ್ನುವುದು ಊರವರ ನಂಬಿಕೆ.

ಇವತ್ತಿನ ಮಟ್ಟಿಗೆ ಅವನಿಗೆ ಒಂದೇ ದಾರಿ ಕಂಡಿತು: ಸಂಜೆಯ ಮೊದಲೇ ಕಾಗದವನ್ನು ಕೈಗೆ ಮಾಡಿಕೊಳ್ಳುವುದು. ಶಾಲೆಗೆ ಹೊರಟ. ಮೂರು ಹೆಜ್ಜೆ ಇಡುವಾಗಲೇ ಜಲಜಾಕ್ಷಕ್ಕ ಕರೆದರು.

"ಮಂಜ, ನಮ್ಮ ಅಕ್ಕಿ ಕಡೆಯುವ ಕಲ್ಲನ್ನು ಸ್ವಲ್ಪ ಹಿತ್ತಿಲಿನಿಂದ ಒಳಗೆ ಇಟ್ಟುಕೊಡು. ನಿನಗೆ ಅದು ತೆಂಗಿನಕಾಯಿ ಇದ್ದ ಹಾಗೆ."

ಅದು ತೆಂಗಿನಕಾಯಿಯ ಹಾಗೆ ಇರಲಿಲ್ಲ. ಒಳಗಿಟ್ಟ ಮೇಲೆ ಜಲಜಾಕ್ಷಕ್ಕ ದೂರ ನಿಂತು ನೋಡಿ, ಮೊದಲಿದ್ದ ಜಾಗದಲ್ಲೇ ಬೆಳಕು ಚೆನ್ನಾಗಿತ್ತು ಎಂದರು. ಮತ್ತೆ ಹೊರಗಿಟ್ಟ. ಆದರೂ ಒಂದು ಲೋಟ ಮಜ್ಜಿಗೆ ಕೊಟ್ಟರು, ಅದಕ್ಕೆ ಶುಂಠಿಯನ್ನೂ ಹಾಕಿದ್ದರು. ಮುಂದೆ ಪುರಂದರಣ್ಣನ ಮನೆಯಲ್ಲಿ ಬೈಹುಲ್ಲಿನಲ್ಲಿ ಬಿಗಿದ ಮಣಭಾರದ ಎರಡು ಅಕ್ಕಿಮುಡಿ ಅಟ್ಟಕ್ಕೇರಬೇಕಿತ್ತು. ಏರಿದವು.

ಶಾಲೆ ಮುಟ್ಟುವಾಗ ಮಂಜ ನಡುವಿನಿಂದ ಮೇಲೆ ನೇರವಿರಲಿಲ್ಲ.

"ಈಗ ಕೊಡುವ ಹಾಗಿಲ್ಲ, ಮಂಜ. ನಾಲ್ಕು ಗಂಟೆಯವರೆಗೆ ನಾನು ಬರೇ ಮಾಷ್ಟ್ರು. ಪೋಸ್ಟ್ ಮಾಷ್ಟ್ರು ಆಗುವುದು ಆಮೇಲೆ," ಎಂದರು ಮಾಷ್ಟ್ರು. ಕಾಗದ ಅವರ ಮೇಜಿನ ಮೇಲೆಯೇ ಕಾಣುತ್ತಿತ್ತು.

ಹಿಂದೆ ಬರುವ ದಾರಿಯಲ್ಲಿ ಅಮ್ಮಣ್ಣಿ ಅಜ್ಜಿ ಸಿಕ್ಕಿದರು. ಮೊಣಕಾಲು ನೋವಿಗೆ ಕಾಸರಗೋಡಿನ ಆಸ್ಪತ್ರೆಗೆ ಹೋಗಬೇಕು, ಬಸ್ಸಿನ ಮಾರ್ಗಕ್ಕೆ ಒಂದೂವರೆ ಮೈಲಿ. ಬೇರೆಯವರನ್ನಾದರೆ ಕುರ್ಚಿಗೆ ಬಿದಿರು ಕಟ್ಟಿ ಇಬ್ಬರು ಹೊರುತ್ತಾರೆ. ಮಂಜ ಇರುವಾಗ ಎರಡನೆಯವನನ್ನು ಹುಡುಕುವುದು ಅವನಿಗೆ ಅವಮಾನ ಎಂದು ಮನೆಯವರು ಕುರ್ಚಿಯನ್ನೇ ತಂದಿರಲಿಲ್ಲ. ಬಟ್ಟೆಯ ಗಂಟನ್ನು ಅವನ ಕೈಗೆ ಕೊಟ್ಟು ಅಜ್ಜಿ ಬೆನ್ನೇರಿದರು. ಅವನ ತಲೆಗೆ ಬಿಸಿಲು ತಾಗದ ಹಾಗೆ ತನ್ನ ಕೊಡೆ ಬಿಚ್ಚಿ ಹಿಡಿದರು.

"ಭಾರ ಆಗುತ್ತದಾ ಮಗಾ?"

"ಇಲ್ಲಜ್ಜಿ."

"ಹಾಗಾದರೆ ಆ ಗಂಟನ್ನೂ ಕೊಡು, ನಾನೇ ಹಿಡಿದುಕೊಳ್ಳುತ್ತೇನೆ. ನಿನಗೆ ಯಾಕೆ ಸುಮ್ಮನೆ ಹೊರೆ?"

ಗುಡ್ಡದ ಅರ್ಧಕ್ಕೆ ಬರುವಾಗ ಮಂಜನ ಕಣ್ಣು ಕತ್ತಲಿಟ್ಟಿತು. ಬರ್ಟಣ್ಣ ಹೀಗೆಯೇ ನಡೆದದ್ದಲ್ಲವೇ ಎಂದು ಆಗ ಹೊಳೆಯಿತು. ಅದೂ ಎರಡು ದಿನ, ಕೆಸರಿನಲ್ಲಿ, ಹೆಸರು ಸಹ ಗೊತ್ತಿಲ್ಲದ ಒಬ್ಬ ಅಡಿಗೆಯವನಿಗಾಗಿ. ಶಿಳ್ಳೆ ಹಾಕಿ ನೋಡಿದ. ಬರೇ ಗಾಳಿ ಬಂತು. ಅಂಥವನ ಹೆಸರನ್ನು ತಾನು ಮೂರು ವರ್ಷದಿಂದ ತಿನ್ನುತ್ತಿದ್ದೇನೆ ಎನ್ನಿಸಿ ಅವನ ಕಣ್ಣು ತುಂಬಿತು.

"ಬೆವರು ಕಣ್ಣಿಗೆ ಹೋಯಿತು ಕಾಣುತ್ತದೆ," ಎಂದು ಅಜ್ಜಿ ಸೆರಗಿನಿಂದ ಒರಸಿದರು.

ಮನೆಯಲ್ಲಿ ಮಗುಚಿ ಮಲಗಿದಾಗ ಹೆಂಡತಿ ಲೋಲಾಕ್ಷಿ ಬೆನ್ನಿಗೆ ಎಣ್ಣೆ ತಿಕ್ಕಿದಳು.

"ಸಂಜೆ ಎಲ್ಲವೂ ಗೊತ್ತಾಗುತ್ತದೆ, ಲೋಲಾಕ್ಷಿ. ಅವನನ್ನು ನಾನು ಹೊತ್ತದ್ದಲ್ಲ."

"ಅದು ನನಗೆ ಗೊತ್ತಿಲ್ಲವಾ? ಮದುವೆಯಲ್ಲಿ ಒಂದು ಅಕ್ಕಿಮುಡಿ ಎತ್ತಲು ನಾಲ್ಕು ಸಲ ಕೂತವರು ನೀವು."

"ಮತ್ತೆ ಇಷ್ಟು ದಿನ ಎಂತ ಮಾತಾಡಲಿಲ್ಲ?"

"ಜೀವಂತ ಬಂದಿರಲ್ಲ. ಯಾರು ಹೊತ್ತರೆ ನನಗೆಂತ?"

ಮಂಜ ಅವಳ ಕಡೆಗೆ ಮುಖ ತಿರುಗಿಸಿದ. ಆಮೇಲೆ ಹೇಳಿದ: "ಕಾಗದ ಓದಲಿ. ನಾನೇ ಹೇಳಲು ನಾಲಿಗೆ ಏಳುವುದಿಲ್ಲ, ಅವನೇ ಹೇಳಲಿ. ಅವನ ಹೆಸರು ಅವನಿಗೆ ಸಿಗಲಿ. ನನಗೆ ಬೆನ್ನು ಸಿಕ್ಕಿದರೆ ಸಾಕು."

ನಾಲ್ಕಕ್ಕೆ ಜಗಲಿ ತುಂಬಿತ್ತು. ಶಾಲೆಯ ಉದ್ದ ಬೆಂಚನ್ನು ಅಂಗಳಕ್ಕಿಳಿಸಿದ್ದರು, ಇಳಿಸಿದವನು ಮಂಜ. ಮಾಷ್ಟ್ರು ಕನ್ನಡಕ ಏರಿಸಿ ಲಕೋಟೆ ಒಡೆದರು.

"ಒಂದಕ್ಷರ ಬಿಡದೆ ಹೇಳಿ ಮಾಷ್ಟ್ರೇ," ಎಂದ ಮಂಜ. "ಎಂತ ಇದ್ದರೂ ಹೇಳಿ."

ಮಾಷ್ಟ್ರು ಮೊದಲು ಮನಸ್ಸಿನಲ್ಲೇ ಓದಿದರು. ಓದುತ್ತಾ ಓದುತ್ತಾ ಒಮ್ಮೆ ನಕ್ಕರು. ಒಮ್ಮೆ ಕನ್ನಡಕ ತೆಗೆದು ಒರಸಿದರು. ಕಡೆಗೆ ಮಂಜನನ್ನು ಬಹಳ ಹೊತ್ತು ನೋಡಿದರು. ಮಂಜ ತಲೆ ತಗ್ಗಿಸಿ, ಇನ್ನೇನು ಇಳಿಯಲಿರುವ ಭಾರಕ್ಕಾಗಿ ಕಾದ.

"ಬರೆದಿದ್ದಾನೆ," ಎಂದು ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. "ಪ್ರೀತಿಯ ಮಂಜ, ನೀನು ನನ್ನನ್ನು ಎರಡು ದಿನ ಬೆನ್ನ ಮೇಲೆ ಹೊತ್ತದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ."

ಜಗಲಿಯಿಡೀ ಹೌದು ಹೌದು ಎಂದಿತು. ಮಂಜ ಎದ್ದು ನಿಂತ.

"ಹಾಗೆ ಇರಲಿಕ್ಕಿಲ್ಲ. ಹೊತ್ತದ್ದು ಅವನು. ನಾನಲ್ಲ. ದೇವರಾಣೆ, ಅವನು."

ಪುರಂದರಣ್ಣ ಎದ್ದು ಬಂದು ಅವನ ಭುಜ ಹಿಡಿದರು.

"ನೋಡಿ, ಇದು ದೊಡ್ಡತನ. ಇಂಗ್ಲಿಷಿನಲ್ಲಿ ಬರೆದು ಬಂದರೂ ನಾನಲ್ಲ ಅನ್ನುತ್ತಾನೆ. ಅನ್ನ ಬಾಗಿಸುವವ ಅಂತ ನಾನು ಅವತ್ತು ತಮಾಷೆ ಮಾಡಿದ್ದು ತಪ್ಪು, ಮಂಜ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ."

ಜಲಜಾಕ್ಷಕ್ಕ ಮೂಗೊರಸಿಕೊಂಡರು. ಮಂಜ ಇನ್ನೂ ಎರಡು ಸಲ ಆಣೆ ಹಾಕಿದ. ಒಂದೊಂದು ಆಣೆಗೂ ಅವನ ದೊಡ್ಡತನ ಬೆಳೆಯುತ್ತಾ ಹೋಯಿತು.

ಮಾಷ್ಟ್ರು ಅವನನ್ನು ಒಳಗೆ ಕರೆದು ಬಾಗಿಲು ಎಳೆದುಕೊಂಡರು. "ಹೆದರಬೇಡ. ನಿನ್ನ ಮಾನ ಹೋಗಲು ನಾನು ಬಿಡಲಿಲ್ಲ, ಇನ್ನು ಮುಂದೆಯೂ ಬಿಡುವುದಿಲ್ಲ," ಎಂದು ಪಿಸುಗುಟ್ಟಿದರು.

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವರು ತನಗಾಗಿ ಊರ ಮುಂದೆ ಸುಳ್ಳು ಹೇಳಿದ್ದರು. ಅವರ ಮೇಲೆ ಸಿಟ್ಟಾಗಲು ಮಂಜನಿಗೆ ಆಗಲಿಲ್ಲ. "ಉಪಕಾರ ಆಯಿತು ಮಾಷ್ಟ್ರೇ," ಎಂದ. "ನಿಜದಲ್ಲಿ ಎಂತ ಬರೆದಿದ್ದಾನೆ?"

"ನೀನು ಹಕ್ಕಿಯಷ್ಟು ಹಗುರ ಇದ್ದೆ, ಈಗ ಸರಿ ಊಟ ಮಾಡುತ್ತೀಯಾ ಅಂತ ಕೇಳಿದ್ದಾನೆ. ಮತ್ತೆ ಒಂದು ಕಷ್ಟ ಹೇಳಿಕೊಂಡಿದ್ದಾನೆ. ನಿನ್ನನ್ನು ಹೊತ್ತ ಕತೆ ಅವನ ಊರಿನಲ್ಲಿ ಹಬ್ಬಿದೆಯಂತೆ. ಅಂದಿನಿಂದ ಯಾರ ಮನೆಯಲ್ಲಿ ಪಿಯಾನೋ ಸರಿಸುವುದಿದ್ದರೂ ಇವನನ್ನೇ ಕರೆಯುತ್ತಾರಂತೆ. ಬೆನ್ನು ಹೋಗಿದೆಯಂತೆ, ಪಾಪ."

"ಪಿಯಾನೋ ಅಂದರೆ?"

"ಹಾರ್ಮೋನಿಯಂ ಜಾತಿಯದ್ದೇ. ಎಮ್ಮೆಯಷ್ಟು ಭಾರ ಉಂಟು."

ಮಂಜ ಬಹಳ ಹೊತ್ತಿನ ಮೇಲೆ ಮೊದಲ ಸಲ ನಕ್ಕ. ನಕ್ಕದ್ದು ಬೆನ್ನಿಗೆ ಹಿಡಿಯಿತು. ಗೋಡೆಗೆ ಆತುಕೊಂಡು, "ಉತ್ತರ ಬರೆಯಿರಿ ಮಾಷ್ಟ್ರೇ," ಎಂದ.

ಮಾಷ್ಟ್ರು ಲೇಖನಿಯನ್ನು ಮಸಿಗೆ ಅದ್ದಿದರು.

"ಊಟ ಸರಿ ಮಾಡುತ್ತೇನೆ ಅಂತ ಬರೆಯಿರಿ. ಮತ್ತೆ, ಬರ್ಟಣ್ಣ, ಇನ್ನು ಯಾರಾದರೂ ಕೇಳಿದರೆ ಹೊತ್ತದ್ದು ನೀನಲ್ಲ, ಮಂಜ ಅಂತ ಹೇಳಿಬಿಡು. ನೀನಾದರೂ ಸ್ವಲ್ಪ ಸುಧಾರಿಸಿಕೋ. ನಂಬದಿದ್ದರೆ ಸಾಕ್ಷಿಗೆ ಇಡೀ ನೆಕ್ರಾಜೆ ಉಂಟು."

ಹೊರಗಿನಿಂದ ಪುರಂದರಣ್ಣ ಕರೆದರು. ಅವರ ದನಿಯಲ್ಲಿ ಹಿಂದೆಂದೂ ಇಲ್ಲದ ಗೌರವ ಇತ್ತು.

"ಮಂಜಣ್ಣ, ನಿಧಾನಕ್ಕೆ ಬಾ, ಅವಸರ ಇಲ್ಲ. ಈ ಬೆಂಚು ಒಳಗೆ ಹೋಗಬೇಕಿತ್ತು."