ನಡಿಗೆ ರೇಸಿನ ಹುಡುಗಿಗೆ ಆಸರಿಗೆ

ಶಿರಸಿಯಲ್ಲಿ ಹುಡುಗಿಯರನ್ನು ಮೈದಾನಕ್ಕೆ ಇಳಿಸಿದ ದಿನದಿಂದ ಪಿ.ಟಿ. ಟೀಚರಮ್ಮನಾದ ನನ್ನ ಕೆಲಸದಲ್ಲಿ ನಗುವಿಗೆ ಬರ ಬಂದಿದ್ದೇ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬಳನ್ನು ಹೊರದೇಶಕ್ಕೇ ಕಳಿಸಲು ಹೊರಟೆನಲ್ಲ, ಆಗಂತೂ ಹೊಟ್ಟೆ ಹಿಡಿದುಕೊಂಡೇ ಓಡಾಡಬೇಕಾಯಿತು.

೧. ಅಪ್ಪನ ತಕರಾರು

ಅವಳದ್ದು ನಡಿಗೆ ಸ್ಪರ್ಧೆ. ಎಷ್ಟು ಬೇಗ ಬೇಕಾದರೂ ನಡೆಯಬಹುದು, ಓಡುವಂತಿಲ್ಲ. ಹೆಂಗಸರಿಗೆ ಒಲಿಂಪಿಕ್ಸಿನಲ್ಲಿ ಇದು ಬಂದು ಕೆಲವೇ ವರ್ಷವಾಗಿತ್ತು. ಒಪ್ಪಿಗೆ ಕೇಳಲು ಸೋಂದಾ ಹತ್ತಿರದ ಅವರ ಮನೆಗೆ ಹೋದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ಕೂತರು.

"ಅಲ್ಲಾ ಟೀಚರೇ, ನಡೆಯಲೆ ಹೊರದೇಶಕ್ಕೆ ಎಂತಕ್ಕೆ ಹೋಗವು? ಎನ್ನ ಆಯಿ ಜೀವಮಾನ ಪೂರ್ತಿ ನಡದ್ದು. ಅದಕ್ಕೆ ಯಾರೂ ಒಂದು ಹಿತ್ತಾಳೆ ಬಿಲ್ಲೆನೂ ಕೊಟ್ಟಿದ್ವಿಲ್ಲೆ!"

ಒಳಗಿನಿಂದ ಹೆಂಡತಿಯ ದನಿ ಬಂತು: "ಅದಕ್ಕೇ ಈ ಕೂಸಾದ್ರೂ ತಗಂಡು ಬರ್ಲಿ!"

ಅಪ್ಪ ಇನ್ನೊಂದು ಕವಳ ಹಾಕಿ ಹೂಂಗುಟ್ಟಿದರು.

೨. ಬಸ್ಸಿನವರ ಕರುಣೆ

ದಾರಿಯಲ್ಲಿ ನಡೆದು ಹೋಗುವವರನ್ನು ಹತ್ತಿಸಿಕೊಳ್ಳದಿದ್ದರೆ ನಮ್ಮ ಕಡೆ ಗಾಡಿಯವರಿಗೆ ಸಮಾಧಾನವಿಲ್ಲ. ದಾಸನಕೊಪ್ಪ ರಸ್ತೆಯಲ್ಲಿ ಅಭ್ಯಾಸ ನಡೆದಿತ್ತು. ಮುಂದೆ ಅವಳು ಸೊಂಟ ತಿರುಗಿಸುತ್ತಾ ದಡಬಡ ನಡೆಯುತ್ತಿದ್ದಳು, ಹಿಂದೆ ಮೊಪೆಡ್ ಮೇಲೆ ಸೀಟಿ ಊದುತ್ತಾ ನಾನು. ಬಸ್ಸೊಂದು ನಿಂತಿತು.

"ಹತ್ತವ್ವಾ, ರೊಕ್ಕ ಬ್ಯಾಡ," ಎಂದ ಕಂಡಕ್ಟರ್.

ಅವಳು ತಲೆಯಾಡಿಸಿ ನಡೆದಳು. ಬಸ್ಸೂ ಅವಳ ಪಕ್ಕದಲ್ಲೇ ತೆವಳಿತು. ಕಿಟಕಿಯಿಂದ ಅಜ್ಜಿಯೊಬ್ಬಳು ನನಗೆ ಬೈದೇ ಬಿಟ್ಟಳು: "ಸೊಸೀನ ಹಿಂಗ ಬೆನ್ನಟ್ತಾರೇನ? ಅತ್ತಿಗೂ ಕರುಳು ಇರಬೇಕವ್ವಾ!"

ನನಗಿನ್ನೂ ಮದುವೆಯೇ ಆಗಿರಲಿಲ್ಲ.

೩. ದೊಡ್ಡಮ್ಮನ ಚೊಂಬು

ಭಾರತ ತಂಡದ ಆಯ್ಕೆಯ ಸ್ಪರ್ಧೆ ನಮ್ಮ ಯಲ್ಲಾಪುರ ರಸ್ತೆಯಲ್ಲೇ ನಡೆಯಿತು. ಗೆದ್ದವಳೊಬ್ಬಳೇ ಹೊರದೇಶಕ್ಕೆ. ನಮ್ಮ ಹುಡುಗಿ ಎರಡನೆಯವಳಾಗಿ ನಡೆಯುತ್ತಿದ್ದಳು. ಮುಂದಿಟ್ಟ ಕಾಲಿನ ಮಂಡಿ ಮಡಚಬಾರದೆಂಬ ನಿಯಮವೊಂದಿದೆ. ಗಾಬರಿಯಲ್ಲಿ ಮಡಚಿ ಎರಡು ಕೆಂಪು ಕಾರ್ಡು ತಿಂದಿದ್ದಳು. ಮೂರನೆಯದು ಬಿದ್ದರೆ ಹೊರಗೆ. 

ಅಷ್ಟರಲ್ಲಿ ರಸ್ತೆ ಪಕ್ಕದ ಮನೆಯಿಂದ ಅವಳ ದೊಡ್ಡಮ್ಮ ಚೊಂಬು ಹಿಡಿದು ಇಳಿದು ಬಂದರು. ಮನೆ ಮುಂದೆ ಹಾದವರು ಆಸರಿಗೆ, ಅಂದರೆ ಬಾಯಾರಿಕೆಗೆ ಏನಾದರೂ, ಕುಡಿಯದೆ ಹೋಗುವುದುಂಟೇ?

"ತಂಗೀ, ಮಜ್ಜಿಗೆ ಕುಡ್ಕಂಡು ಹೋಗೇ!"

"ನಿಲ್ಲಲೆ ಆಗ್ತಿಲ್ಲೆ ದೊಡ್ಡಮ್ಮಾ!"

"ನಿಲ್ಲಡ, ಆನೇ ಬತ್ತೆ!"

ನಿಲ್ಲಬೇಡ, ನಾನೇ ಬರುತ್ತೇನೆ ಎಂದವರು ಬಂದೇ ಬಿಟ್ಟರು! ಸೀರೆ ಎತ್ತಿ ಕಟ್ಟಿ, ಮಜ್ಜಿಗೆ ತುಳುಕಿಸುತ್ತಾ, ಪಕ್ಕದಲ್ಲೇ ಸರಸರ. ಹುಡುಗಿಗೆ ನಗು ಉಕ್ಕಿ, ಬಿಗಿದಿದ್ದ ಮೈ ಸಡಿಲಾಯಿತು, ಕಾಲು ನೆಟ್ಟಗಾಯಿತು. ದೊಡ್ಡಮ್ಮನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಮುಂದಿದ್ದವಳನ್ನೂ ಹಿಂದೆ ಹಾಕಿ ಗೆದ್ದೇ ಬಿಟ್ಟಳು. ನಾನು ರಸ್ತೆಯಲ್ಲೇ ಕುಣಿದೆ.

ದೂರದ ಊರಿನಿಂದ ಬಂದಿದ್ದ ತೀರ್ಪುಗಾರರು ನೇರ ನನ್ನ ಹತ್ತಿರ ಬಂದರು. ಬೈಸಿಕೊಳ್ಳಲು ತಯಾರಾದೆ. ಅವರು ಕೇಳಿದ್ದೇ ಬೇರೆ: "ಆ ಹಿರಿಯರು ಯಾವ ಕ್ಲಬ್ಬಿನವರು? ಇವತ್ತು ಒಮ್ಮೆಯೂ ಮಂಡಿ ಮಡಚದೆ ನಡೆದವರು ಅವರೊಬ್ಬರೇ!"

ಅದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಉಳಿದ ಮಜ್ಜಿಗೆಯನ್ನು ತೀರ್ಪುಗಾರರ ಕೈಗಿಟ್ಟು ಹೇಳಿದರು:

"ಮಡಚಲೆ ಬಂದ್ರೆ ಅಲ್ದಾ ಮಡಚದು! ವಾತ ಹಿಡದು ಎಷ್ಟೋ ವರ್ಷ ಆತು. ಹೊರದೇಶದಲ್ಲಿ ಇದಕ್ಕೆ ಮದ್ದು ಇದ್ರೆ ಹೇಳಿ, ಆನೂ ಬತ್ತೆ!"