ನಮ್ಮನೆಯವರನ್ನು ನಾನೇ ಸಂದರ್ಶಿಸಿದ್ದು

ಇಡೀ ಪುಣೆ ಶಹರದಲ್ಲಿ ಲಾಂಡ್ರಿ ರಸೀದಿಯ ಹಿಂಬದಿಯನ್ನು ಓದಿರುವ ಮನುಷ್ಯರು ಒಬ್ಬರೇ. ಅವರು ನಮ್ಮನೆಯವರು. ಇದನ್ನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಈಗ ಅವರು ವಾರಪೂರ್ತಿ ಮುಂಬೈಯಲ್ಲಿರುವುದರಿಂದ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಎದುರಿಗಿದ್ದರೆ ಮೊದಲ ವಾಕ್ಯದಲ್ಲೇ ಎರಡು ತಪ್ಪು ಹುಡುಕಿ ಕೊಡುತ್ತಿದ್ದರು. ಹುಡುಕಿ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುವ ಕಾಲವೂ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಲಾಂಡ್ರಿಯ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ರೇಷ್ಮೆ ಸೀರೆ ಕೊಡಲು ಧನಕವಡಿ ಬಡಾವಣೆಯ ಅಂಗಡಿಗೆ ಹೋಗಿದ್ದೆವು. ರಸೀದಿ ಕೈಗೆ ಬಂದದ್ದೇ ತಡ, ಇವರು ಅದನ್ನು ತಿರುಗಿಸಿ, ಕನ್ನಡಕ ಏರಿಸಿ, ಸಾಸಿವೆಗಿಂತ ಸಣ್ಣ ಅಕ್ಷರದ ಷರತ್ತುಗಳನ್ನು ಒಂದೊಂದಾಗಿ ಓದತೊಡಗಿದರು. ಬಣ್ಣ ಹೋದರೆ ಅಂಗಡಿಯ ಹೊಣೆಯಲ್ಲ. ಗುಂಡಿ ಬಿದ್ದುಹೋದರೆ ಹೊಣೆಯಲ್ಲ. ಸೀರೆಗೆ ಗುಂಡಿ ಎಲ್ಲಿರುತ್ತದೆ ಎಂದು ಮರಾಠಿಯಲ್ಲಿ ವಿಚಾರಣೆ ಶುರುವಾಯಿತು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅಂಗಡಿಯವನು, "ಸಾಹೇಬ, ಸಾಡೀ ಧುವಾಯಚೀ ಆಹೇ ಕೀ ತಿಚಂ ಲಗ್ನ ಲಾವಾಯಚಂ ಆಹೇ?" ಅಂದ. ಸೀರೆಯನ್ನು ಒಗೆಯಬೇಕೋ, ಅದಕ್ಕೆ ಮದುವೆ ಮಾಡಿಸಬೇಕೋ ಎಂದು. ಸಾಲಿಗೆ ಸಾಲೇ ನಕ್ಕಿತು. ಸೀರೆ ಒಗೆಯಿಸಿಕೊಳ್ಳದೆ ನಮ್ಮ ಜೊತೆಗೇ ಮನೆಗೆ ವಾಪಸು ಬಂತು. ಇಂಥವರು ನನ್ನನ್ನು ಮಾತ್ರ ಒಂದೇ ಒಂದು ಷರತ್ತೂ ಓದದೆ ಹೇಗೆ ಮದುವೆಯಾದರೋ!

ತಪ್ಪು ಅವರದಲ್ಲ, ಅವರ ನೌಕರಿಯದು. ಬೆಳಗಾವಿಯಿಂದ ಪುಣೆಗೆ ಬಂದವರು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದರು. ಬೇರೆಯವರು ಮಾಡಿದ್ದರಲ್ಲಿ ಕೊರತೆ ಹುಡುಕಿ ಪಕ್ಕಕ್ಕಿಡುವುದು, ಅದಕ್ಕೇ ಸಂಬಳ. ಅಂಥವರ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೆ? ಚಪಾತಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮಾತಾಡಿದರೆ ಕೊರತೆಯ ಬಗ್ಗೆ. ಕೊರತೆ ಇಲ್ಲದ ದಿನ ಮಾತೇ ಇಲ್ಲ. ಅವರು ಸುಮ್ಮನೆ ಉಂಡು ಎದ್ದರೆ ಆ ದಿನದ ಅಡುಗೆ ಪಾಸಾಗಿದೆ ಎಂದು ನಾನು ತಿಳಿದುಕೊಳ್ಳಬೇಕು. ಹೀಗೆ ಎಷ್ಟೋ ವರ್ಷ ಪಾಸಾಗುತ್ತಾ ಬಂದೆ.

ಐವತ್ತರ ಗಡಿ ದಾಟುವ ಹೊತ್ತಿಗೆ ಕಾರ್ಖಾನೆ ಅವರ ವಿಭಾಗವನ್ನು ಬೇರೆ ಊರಿಗೆ ಸಾಗಿಸಿತು. ಇವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಜೊತೆಯವರು ಖಾನಾವಳಿ ಹಾಕಿದರು, ಷೇರು ಪೇಟೆಗೆ ಇಳಿದರು. ಇವರು ಲಾ ಕಾಲೇಜು ಸೇರಿದರು. ನಾಸಿಕದಲ್ಲಿ ಓದುತ್ತಿರುವ ನಮ್ಮ ಮಗಳ ವಯಸ್ಸಿನವರ ನಡುವೆ ಮೊದಲ ಬೆಂಚಿನಲ್ಲಿ ಕೂತು, "ಕಾಕಾ" ಎಂದು ಕರೆಸಿಕೊಂಡು ಪದವಿಯನ್ನೂ ಮುಗಿಸಿದರು. ಆಮೇಲೆ ಮುಂಬೈಯ ಒಂದು ವಕೀಲರ ಸಂಸ್ಥೆಗೆ ಅರ್ಜಿ ಹಾಕಿದರು. ಕಂಪನಿಗಳ ಕರಾರುಪತ್ರ ನೋಡಿಕೊಳ್ಳುವ ಸಂಸ್ಥೆ. ಅಲ್ಲಿಂದ ಅಸೆಸ್‌ಮೆಂಟ್ ಡೇಗೆ ಕರೆ ಬಂತು. ಜಾಗ, ನಮ್ಮ ಪುಣೆಯಲ್ಲೇ ಕ್ಯಾಂಪ್ ಎಂಬ ಪೇಟೆಯ ಒಂದು ಹೋಟೆಲು.

"ಹಂಗಂದ್ರ ಏನೋ?" ಎಂದು ಮಗನನ್ನು ಕೇಳಿದರು ನಮ್ಮ ಅತ್ತೆ.

"ಎಲ್ಲಾರನ್ನೂ ಕರಸತಾರವ್ವಾ. ದಿನಪೂರ್ತಿ ಕೂಡಸ್ಕೊಂಡು ನೋಡತಾರ. ಹೆಂಗ ಮಾತಾಡತೀವಿ, ಹೆಂಗ ನಡಕೋತೀವಿ. ಊಟ ಮಾಡೋದನ್ನೂ ನೋಡತಾರಂತ."

ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಹೆಣ್ಣು ನೋಡೋದು ಅನ್ನು. ಹಾಡು ಹೇಳಂತಾರೇನ?"

ತಯಾರಿಯ ಮೊದಲ ಹಂತ ಗುಂಪು ಚರ್ಚೆ. ಗುಂಪು ಎಲ್ಲಿಂದ ತರುವುದು? ಅತ್ತೆ ಮನೆಯಲ್ಲೇ ಇದ್ದರು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಬಂದರು. ಎದುರು ಫ್ಲ್ಯಾಟಿನಲ್ಲಿರುವ, ಸಾಫ್ಟ್‌ವೇರ್ ಕೆಲಸದ ಮೈಸೂರಿನ ಹುಡುಗಿ ರವಿವಾರದ ನಿದ್ದೆ ಬಿಟ್ಟು ಬಂದಳು. ಇವರು ಎಲ್ಲರಿಗೂ ವಿಷಯ ವಿವರಿಸಿದರು: ಒಂದು ದೊಡ್ಡ ಕಂಪನಿ ಬಿಸ್ಕತ್ತಿನ ಕಾರ್ಖಾನೆಯೊಂದನ್ನು ಕೊಳ್ಳಬೇಕೆಂದಿದೆ, ಕಾರ್ಖಾನೆಯ ಜಾಗದ ಮೇಲೆ ದಾವೆ ಇದೆ, ನಾವೆಲ್ಲ ವಕೀಲರು, ಕೂಡಿ ಸಲಹೆ ಕೊಡಬೇಕು.

"ಖಾರಿ ಬಿಸ್ಕೀಟೋ, ಸಿಹಿ ಬಿಸ್ಕೀಟೋ?" ಅಂದರು ಅತ್ತೆ.

"ಅದು ಮುಖ್ಯ ಅಲ್ಲವ್ವಾ."

"ಹೆಂಗ ಅಲ್ಲ? ನಾಳೆ ತಿನ್ನೋರು ಯಾರು?"

ದಾವೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕಾಕು ಕಾತ್ರಜದಲ್ಲಿರುವ ತಮ್ಮ ಅಣ್ಣನ ಸೈಟಿನ ಕಥೆ ತೆಗೆದು ಕಣ್ಣೀರಿಟ್ಟರು. ಮೈಸೂರಿನ ಹುಡುಗಿ ನಯವಾಗಿ, "ಆಂಟಿ, ಒಂದ್ನಿಮಿಷ, ಈ ಪಾಯಿಂಟನ್ನ ಇಲ್ಲೇ ಪಾರ್ಕ್ ಮಾಡೋಣ" ಅಂದಳು.

"ಎಲ್ಲೆ ಮಾಡ್ತೀಯವ್ವಾ," ಅಂದರು ಅತ್ತೆ, "ಕೆಳಗ ಎಲ್ಲಾ ಸ್ಕೂಟರ್ ನಿಲ್ಲಿಸ್ಯಾರ."

ಇಷ್ಟೆಲ್ಲ ನಡೆಯುವಾಗ ನಮ್ಮನೆಯವರು ಏನು ಮಾಡುತ್ತಿದ್ದರು? ಕೈಕಟ್ಟಿ ಕೂತು ಪ್ರತಿಯೊಬ್ಬರ ಮಾತಿನಲ್ಲಿದ್ದ ತಪ್ಪನ್ನು ನೋಡುತ್ತಿದ್ದರು. ಕೊನೆಗೆ ಒಂದೇ ಉಸಿರಿನಲ್ಲಿ ಎಲ್ಲರದನ್ನೂ ಎತ್ತಿ ತೋರಿಸಿದರು. ಕಾಕು ಮುನಿಸಿಕೊಂಡು ಚಹಾ ಕುಡಿಯದೆ ಇಳಿದುಹೋದರು. ಹುಡುಗಿ ಉಳಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವು ಹೇಳಿದ್ದೆಲ್ಲ ಕರೆಕ್ಟಾಗೇ ಇತ್ತು. ಆದ್ರೆ ನೀವು ಯಾರನ್ನೂ ಮಾತಾಡ್ಸಲ್ಲ. ಅಲ್ಲಿ ಅವ್ರು ನೋಡೋದು ಅದನ್ನೇ."

ಇವರಿಗೆ ಅದು ತಾಗಿತು. ಮರುದಿನದಿಂದಲೇ ಎಲ್ಲರನ್ನೂ ಮಾತಾಡಿಸುವ ಅಭ್ಯಾಸ ಆರಂಭವಾಯಿತು. ತರಕಾರಿ ಮಂಡಿಯಲ್ಲಿ ಮೆಂತ್ಯ ಮಾರುವವಳಿಗೆ, "ಅಂದರೆ ಸೊಪ್ಪು ಇವತ್ತಿನದೇ ಎಂಬುದು ನಿಮ್ಮ ಅಭಿಪ್ರಾಯ, ನಾನು ಸರಿಯಾಗಿ ತಿಳಿದುಕೊಂಡೆನೆ?" ಎಂದು ಮರಾಠಿಯಲ್ಲಿ ಕೇಳಿದರು. ಅವಳು ನನ್ನ ಮುಖ ನೋಡಿ, ಅಯ್ಯೋ ಪಾಪ ಎಂಬಂತೆ ಒಂದು ಕಟ್ಟು ಹೆಚ್ಚಿಗೆ ಹಾಕಿದಳು. ಮನೆಯಲ್ಲಿ ಊಟಕ್ಕೆ ಕೂತಾಗ, "ಅವ್ವಾ, ಈ ಸಾರಿನ ಬಗ್ಗೆ ನಿನಗ ಏನನಸ್ತದ?" ಅಂದರು. ಆ ವಯಸ್ಸಿನ ತನಕ ಅತ್ತೆಯನ್ನು ಆ ಮಾತು ಯಾರೂ ಕೇಳಿರಲಿಲ್ಲ. ಅವರು ಈ ಸಾರಿನಿಂದ ಶುರುಮಾಡಿ ತಮ್ಮ ತವರಿನ ಸಾರು, ನಾದಿನಿಯ ಸಾರು, ತಮ್ಮ ಮದುವೆಯಲ್ಲಿ ಹುಳಿ ಹೆಚ್ಚಾದ ಸಾರು, ಎಲ್ಲವನ್ನೂ ಹೇಳಿದರು. ಅಂದು ತೆರೆದ ಬಾಯಿ ಇನ್ನೂ ಮುಚ್ಚಿಲ್ಲ.

ಎರಡನೆಯ ಹಂತ ಸಂದರ್ಶನ. ಅದಕ್ಕೆ ನಾನು. ಶಾಲೆಯಲ್ಲಿ ಗಣಿತ ಕಲಿಸುವವಳು, ಪ್ರಶ್ನೆ ಕೇಳುವುದು ನನಗೆ ಹೊಸದಲ್ಲ. ದಿನಾ ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು ಊಟದ ಟೇಬಲ್ಲಿನ ಆ ಬದಿಗೆ ನಾನು ಕೂರುವುದು, ಈ ಬದಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು.

"ನಿಮ್ಮ ಬಗ್ಗೆ ಹೇಳ್ರಿ," ಅಂದೆ.

ಹೆಸರು, ವಿದ್ಯಾರ್ಹತೆ, ವಿಭಾಗ, ಸೇವಾವಧಿ ಎಂದು ಒಪ್ಪಿಸಿದರು. ಯಂತ್ರದ ಮೇಲೆ ಬಡಿದ ತಗಡಿನ ಪಟ್ಟಿ ಓದಿದಂತಿತ್ತು.

"ಇದನ್ನ ಕೇಳಲಿಲ್ಲರಿ ನಾನು. ನಿಮ್ಮ ಬಗ್ಗೆ ಹೇಳ್ರಿ. ಪುಣೆಕ್ಕ ಬಂದಾಗ ಹೆಂಗಿತ್ತು?"

ಅವರು ಅಂಗಿಯ ತೋಳಿನ ಗುಂಡಿ ಬಿಚ್ಚಿದರು. ಆಮೇಲೆ ಹೇಳಿದರು. ಬಂದ ಹೊಸದರಲ್ಲಿ ಇಲ್ಲಿ ಯಾರೂ ಪರಿಚಯವಿರಲಿಲ್ಲವಂತೆ. ಮರಾಠಿ ಬಂದರೂ ಆ ಭಾಷೆಯ ಹಾಸ್ಯಕ್ಕೆ ನಗು ಬರುತ್ತಿರಲಿಲ್ಲವಂತೆ. ರವಿವಾರ ಬಂದರೆ ಸ್ವಾರಗೇಟಿಗೆ ಹೋಗಿ ಬೆಳಗಾವಿ, ಹುಬ್ಬಳ್ಳಿ ಬಸ್ಸು ನಿಲ್ಲುವಲ್ಲಿ ಕೂರುತ್ತಿದ್ದರಂತೆ. ಎಲ್ಲಿಗೂ ಹೋಗುವುದಕ್ಕಲ್ಲ. ಜನ ಗಂಟು ಮೂಟೆ ಏರಿಸುತ್ತಾ "ಏ, ಸರಕೋರಿ", "ಲಗೂ ಬಾರೋ" ಅನ್ನುವುದನ್ನು ಕೇಳುವುದಕ್ಕೆ. ಬಸ್ಸು ಹೋದ ಮೇಲೆ ಎದ್ದು ಕೋಣೆಗೆ ಬರುತ್ತಿದ್ದರಂತೆ.

"ನನಗ ಒಮ್ಮೆನೂ ಹೇಳಿಲ್ಲಲಾ?" ಅಂದೆ.

"ನೀ ಕೇಳಿರಲಿಲ್ಲ."

ಅದೂ ನಿಜ. ಮದುವೆಯಲ್ಲಿ ಯಾರು ಯಾರನ್ನು ಇಂಥ ಪ್ರಶ್ನೆ ಕೇಳುತ್ತಾರೆ? ಹಾಲು ಬಂತಾ, ಫೀ ಕಟ್ಟಿದ್ರಾ, ಗ್ಯಾಸ್ ಹೇಳಿದ್ರಾ, ಇಷ್ಟರಲ್ಲಿ ಆಯುಷ್ಯ ಹೋಗುತ್ತದೆ. ಈಗ ನನ್ನ ಕೈಗೆ ಅಧಿಕಾರ ಸಿಕ್ಕಿತ್ತು. ನನಗೆ ಆಸೆ ಹತ್ತಿತು. ಶಾಲೆಯಲ್ಲಿ ಕೊನೆಯ ಗಂಟೆ ಹೊಡೆಯುವುದನ್ನೇ ಕಾಯುವಂತಾಯಿತು. ನಿಮಗೆ ಸಿಟ್ಟು ಬಂದಾಗ ಏನು ಮಾಡುತ್ತೀರಿ, ಸೋತಾಗ ಯಾರ ಹತ್ತಿರ ಹೇಳಿಕೊಂಡಿರಿ ಎಂದೆಲ್ಲ ಕೇಳಿದೆ. ಅವೆಲ್ಲ ಸಂದರ್ಶನದ ಪ್ರಶ್ನೆಗಳೇ. ಒಂದು ದಿನ ಮಾತ್ರ ಮೀರಿದೆ. "ಈ ಸಂಸ್ಥೆಯನ್ನೇ ಯಾಕ ಆರಿಸಿಕೊಂಡ್ರಿ?" ಎಂದು ಕೇಳಿ, ಅವರು ಉತ್ತರಿಸಿದ ಮೇಲೆ ಅದೇ ದನಿಯಲ್ಲಿ, "ಈ ಹೆಂಡತಿಯನ್ನೇ ಯಾಕ ಆರಿಸಿಕೊಂಡ್ರಿ?" ಅಂದೆ.

ನಮ್ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುದ್ದೆಗೆ ಸಂಬಂಧವಿಲ್ಲದ ಪ್ರಶ್ನೆ," ಅಂದರು. ಆದರೆ ಕಿವಿ ಕೆಂಪಗಾಗಿತ್ತು.

ಇನ್ನೊಂದು ಪ್ರಶ್ನೆಯೂ ಇತ್ತು. "ಮುಂಬೈಯಲ್ಲಿ ಇರಲಿಕ್ಕೆ ತಯಾರಿದ್ದೀರೇನು?"

"ಇದ್ದೀನ್ರಿ," ಅಂದರು. ಯೋಚಿಸಲೇ ಇಲ್ಲ.

ಆ ಉತ್ತರಕ್ಕೆ ಮಾತ್ರ ನಾನು ಕಡಿಮೆ ಅಂಕ ಕೊಟ್ಟೆ. ಯಾಕೆಂದು ಕೇಳಿದ್ದಕ್ಕೆ, ಭಾಳ ಲಗೂ ಉತ್ತರ ಕೊಟ್ರಿ, ಅವಸರದ ಮನುಷ್ಯ ಅನ್ಕೋತಾರ ಅಂದೆ. ಅವರು ಗಂಭೀರವಾಗಿ ತಲೆಯಾಡಿಸಿ, ಮತ್ತೊಮ್ಮೆ ಅದೇ ಉತ್ತರವನ್ನು ನಿಧಾನವಾಗಿ ಹೇಳಿದರು.

ಅಸೆಸ್‌ಮೆಂಟಿನ ದಿನ ನಾನೂ ಕ್ಯಾಂಪಿಗೆ ಹೋದೆ. ಪರ್ದೆ ಬಟ್ಟೆ ನೋಡುವುದಿತ್ತು ಎಂಬ ನೆಪ. ಸಂಜೆಯವರೆಗೆ ಅಂಗಡಿ ಅಂಗಡಿ ಅಲೆದು ಒಂದು ಗಜವೂ ಕೊಳ್ಳಲಿಲ್ಲ. ಐದರ ಹೊತ್ತಿಗೆ ಇವರು ಕೋಟು ಕೈಮೇಲೆ ಹಾಕಿಕೊಂಡು ಬಂದರು. ಇಬ್ಬರೂ ಒಂದು ಹಳೆಯ ಹೋಟೆಲಿನಲ್ಲಿ ಕೂತು ಬೆಣ್ಣೆ ಹಚ್ಚಿದ ಬನ್ನು ಮಸ್ಕಾ, ಚಹಾ ತರಿಸಿದೆವು.

"ಒಳಗ ಹೋದಕೂಡಲೇ ಎಲ್ಲಾ ಹುಡುಗರು ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಅಂದ್ರು," ಅಂದರು.

"ಯಾಕ?"

"ನಾನ ಪರೀಕ್ಷೆ ಮಾಡಾವ ಅಂತ ತಿಳಕೊಂಡಿದ್ರು. ನಾನೂ ಅವರ ಬಾಜೂಕ ಕೂತ ಮ್ಯಾಲೆ ಎಲ್ಲಾರ ಮಾರಿ ಸಣ್ಣಗಾತು."

ಗುಂಪು ಚರ್ಚೆಯಲ್ಲಿ ಇಬ್ಬರು ಹುಡುಗರು ಜಗಳಕ್ಕೆ ಬಿದ್ದವರಂತೆ ಮಾತಾಡಿದರಂತೆ. ಮೂಲೆಯಲ್ಲಿ ಒಬ್ಬ ಹುಡುಗಿ ಬಾಯಿ ತೆರೆಯುವುದು, ಮುಚ್ಚುವುದು. ಇವರಿಗೆ ಆ ಇಬ್ಬರ ತಪ್ಪೆಲ್ಲ ಕಾಣುತ್ತಿತ್ತಂತೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ಹುಡುಗಿಯ ಕಡೆ ತಿರುಗಿ, ನಿಮಗೇನು ಅನ್ನಿಸುತ್ತದೆ ಎಂದರಂತೆ. ಅವಳು ಹೇಳಿದ ಮೇಲೆ ಚರ್ಚೆಯ ದಾರಿಯೇ ಬದಲಾಯಿತಂತೆ.

"ಮತ್ತ ಸಂದರ್ಶನ?"

"ಈ ವಯಸ್ಸಿನಾಗ ತಳದಿಂದ ಯಾಕ ಶುರು ಮಾಡ್ತೀರಿ ಅಂತ ಕೇಳಿದ್ರು." ಅವರು ಬನ್ನಿನ ತುಂಡೊಂದನ್ನು ಚಹಾದಲ್ಲಿ ಅದ್ದಿದರು. "ಇಷ್ಟ ದಿನ ಕೆಟ್ಟ ಮ್ಯಾಲೆ ನೋಡಿ ಪಕ್ಕಕ್ಕ ಇಡತಿದ್ದೆ. ಇನ್ನ ಕೆಡೋದಕ್ಕಿಂತ ಮೊದಲ ಕೂತು ಸರಿಯಾಗಿ ಬರೀಬೇಕು ಅನಸ್ತದ ಅಂದೆ."

ಅದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಎದುರಿಗೆ ಕೂತಿದ್ದ ಮನುಷ್ಯನನ್ನು ಎಂದೂ ನೋಡದವಳ ಹಾಗೆ ನೋಡಿದೆ. ಇವರಿಗೆ ಈ ಕೆಲಸ ಸಿಗುತ್ತದೆ ಎಂದು ಆಗಲೇ ಗೊತ್ತಾಯಿತು. ಖುಷಿಯಾಯಿತು. ನನ್ನ ಪಾಲಿನ ಬನ್ನನ್ನು ಮಾತ್ರ ಅವರ ತಟ್ಟೆಗೆ ಸರಿಸಿದೆ.

ಸಿಕ್ಕಿತು. ನೇಮಕ ಪತ್ರ ಬಂದಾಗ ಕುಣಿದಾಡಿದರೆಂದು ತಿಳಿಯಬೇಡಿ. ಸಣ್ಣಕ್ಷರವನ್ನೆಲ್ಲ ಓದಿ, ರಜೆಯ ಷರತ್ತಿನಲ್ಲಿ ಒಂದು ತಪ್ಪು ಹುಡುಕಿ, ವಕೀಲರಿಗೇ ವಾಪಸು ಕಳಿಸಿದರು. ಕೆಲಸ ಹೋಯಿತು ಎಂದು ನಾನು ತಲೆ ಮೇಲೆ ಕೈ ಹೊತ್ತೆ. ಆ ಸಂಸ್ಥೆಯವರು ತಿದ್ದಿ, ಧನ್ಯವಾದ ಹೇಳಿ ಮತ್ತೆ ಕಳಿಸಿದರು. ಒಂದು ಸೋಮವಾರ ನಸುಕಿನಲ್ಲಿ ನಮ್ಮನೆಯವರು ಹೊರಟೇಬಿಟ್ಟರು.

ಈಗ ಅಲ್ಲಿ ದಿನಪೂರ್ತಿ ಮಾತಂತೆ. ಜೊತೆಯ ಹುಡುಗರು ಕಷ್ಟಸುಖವನ್ನೆಲ್ಲ ಇವರ ಹತ್ತಿರವೇ ಹೇಳಿಕೊಳ್ಳುತ್ತಾರಂತೆ. ನನಗೆ ಉಳಿಯುವುದು ಫೋನು. "ಊಟ ಆತಾ?" "ಆತು. ನಿಂದು?" "ಆತು." ಶನಿವಾರ ರಾತ್ರಿ ಬರುತ್ತಾರೆ, ರವಿವಾರ ಮಧ್ಯಾಹ್ನದವರೆಗೆ ನಿದ್ದೆ, ಎದ್ದರೆ ಬಟ್ಟೆ ಇಸ್ತ್ರಿ, ಅಷ್ಟರಲ್ಲಿ ಹೊರಡುವ ಮಾತು. ಮಾತಾಡಲು ಕಲಿಸಿದವಳು ನಾನು, ಮಾತೆಲ್ಲ ಮುಂಬೈಗೆ. ಅತ್ತೆ ಸಾರಿನ ಅಭಿಪ್ರಾಯವನ್ನು ನನ್ನೊಬ್ಬಳಿಗೇ ಹೇಳುತ್ತಾರೆ. ಸಂಜೆ ಶಾಲೆಯಿಂದ ಬಂದವಳು ಮುಖ ತೊಳೆದು, ಆಮೇಲೆ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತೇನೆ.

ಮೊನ್ನೆ ಬುಧವಾರ ಸಂಜೆ ಹೀಗೆ ನಿಂತಿದ್ದಾಗ ಕರೆಗಂಟೆಯ ಸದ್ದಾಯಿತು. ಕಾಕು ಇರಬೇಕೆಂದು ಬಾಗಿಲು ತೆಗೆದರೆ ಇವರು. ಕೈಯಲ್ಲಿ ಚೀಲವೂ ಇರಲಿಲ್ಲ.

"ಏನಾತ್ರಿ? ಆರಾಮ ಇಲ್ಲೇನು?"

"ಆರಾಮ ಇದ್ದೀನಿ."

"ರಜಾ ಏನು?"

"ಇಲ್ಲ. ಅರ್ಧಾ ದಿನ ಅಷ್ಟ, ಮುಂಜಾನೆ ಮೊದಲನೇ ಗಾಡಿಗೆ ಹೋಗಬೇಕು."

"ಹಂಗಾದ್ರ ಇಷ್ಟು ದೂರ ಯಾಕ ಬಂದ್ರಿ?"

ಬಾಗಿಲಲ್ಲೇ ಬಗ್ಗಿ ಬೂಟಿನ ಲಾಡಿ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಸುಮ್ಮನ," ಅಂದರು. "ಮಧ್ಯಾಹ್ನ ಆಫೀಸಿನ್ಯಾಗ ಎಲ್ಲಾರೂ ಚಾ ಕುಡೀಲಿಕ್ಕತ್ತಿದ್ರು. ನಿನ್ನ ಜೋಡಿ ಕುಡೀಬೇಕು ಅನಿಸ್ತು. ಬಂದೆ."

ಒಳಗಿನಿಂದ ಅತ್ತೆ, "ಯಾರು ಬಂದಾರ?" ಎಂದು ಕೂಗಿದರು. ಇವರು ಬಂದಾರ್ರಿ ಎಂದು ಕೂಗಿ ಹೇಳಿ, ಚಹಾಕ್ಕೆ ನೀರಿಟ್ಟು, ಊಟದ ಟೇಬಲ್ಲಿನ ಆ ಬದಿಗೆ ಹೋಗಿ ಕೂತೆ.