ಬಲಗೈ ಎಂಜಲೈತ್ರಿ

ಬಾಸ್ಕೆಟ್‌ಬಾಲ್ ಕಲಿಸುವವರ ಬಾಳಿನಲ್ಲಿ ಬಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಪಿ.ಟಿ. ಟೀಚರ್. ಒಮ್ಮೆ ಪಂದ್ಯ ಜೋರಾಗಿ ನಡೆದಿರುವಾಗ ಒಬ್ಬ ಹುಡುಗಿಯ ತಾಯಿ ಬುತ್ತಿಗಂಟು ಹಿಡಿದು ಸೀದಾ ಅಂಗಳದ ನಟ್ಟನಡುವೆ ಬಂದು ನಿಂತರು. ರೆಫ್ರಿ ಸೀಟಿ ಊದಿದರೆ, "ಊದ್ರಿ ಊದ್ರಿ, ನಿಮ್ಮ ಮನ್ಯಾಗ ಯಾರೂ ಉಣ್ಣಂಗಿಲ್ಲೇನು? ರೊಟ್ಟಿ ಆರಾಕತ್ತಾವು" ಅಂದರು. ರೆಫ್ರಿ ಪಾಪ, ಸೀಟಿ ಕೆಳಗಿಳಿಸಿ ದಾರಿ ಬಿಟ್ಟರು.

ಇಂಥವು ನನ್ನ ಹತ್ತಿರ ಬೇಕಾದಷ್ಟಿವೆ. ಈಗ ಹೇಳುವವು ಮಾತ್ರ ಇಬ್ಬರೇ ಹುಡುಗಿಯರಿಗೆ ಸೇರಿದವು. ಒಬ್ಬಳು ಸಿದ್ಧೇಶ್ವರ ಗುಡಿಯ ಹತ್ತಿರದ ಬಟ್ಟೆ ಅಂಗಡಿಯವರ ಮಗಳು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಅಷ್ಟೇ ದೊಡ್ಡ ದನಿ, ರಾಜ್ಯದ ತಂಡಕ್ಕೂ ಆಯ್ಕೆಯಾದವಳು. ಇನ್ನೊಬ್ಬಳು ಟಿಕೋಟಾ ಕಡೆಯ ಘೋಣಸಗಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಕ್ಕಲುತನದ ಮನೆಯ ಹುಡುಗಿ. ಮೊದಲನೆಯವಳ ಭುಜಕ್ಕೂ ಬಾರದವಳು. ನಾವೆಲ್ಲ ಅವರನ್ನು ದೊಡ್ಡಾಕಿ, ಸಣ್ಣಾಕಿ ಎಂದೇ ಕರೆಯುತ್ತಿದ್ದೆವು.

ಬಡಿಸುವವಳು, ಉಣ್ಣುವವಳು

ಸಣ್ಣಾಕಿಯ ಕಾಲು ಚುರುಕು, ಕಣ್ಣು ಅದಕ್ಕಿಂತ ಚುರುಕು. ಅವಳನ್ನು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಹಂಚುವವಳನ್ನಾಗಿ ಮಾಡಬೇಕೆಂದು ನಿರ್ಧರಿಸಿ, ಆ ಜಾಗದ ಕೆಲಸವೇನೆಂದು ಬೋರ್ಡಿನ ಮೇಲೆ ಬಾಣಗಳನ್ನು ಬರೆದು ವಿವರಿಸಿದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಏನೂ ತಿಳಿಯದವರು ಮಾತ್ರ ಹಾಗೆ ತಲೆಯಾಡಿಸುತ್ತಾರೆ.

ದೊಡ್ಡಾಕಿ ಬಂದು ಬೋರ್ಡು ಒರೆಸಿಬಿಟ್ಟಳು. "ಭಾಳ ಏನಿಲ್ಲಬೇ. ನೀ ಬಡಸಾಕಿ, ನಾ ಉಣ್ಣಾಕಿ. ಯಾರಿಗೆ ಹಸಿವಿ ಆಗೇತಿ ನೋಡಿ ಬಡಸೂದು, ಅಷ್ಟ."

ಸಣ್ಣಾಕಿಯ ಮುಖ ಅರಳಿತು. "ಹಂಗಂದ್ರ ಬರ್ತೈತ್ರಿ ಅಕ್ಕಾ."

ಬಂದೇಬಿಟ್ಟಿತು. ಮರುದಿನದಿಂದ ಚೆಂಡು ಪುಟಿಸುತ್ತ ಎಲ್ಲರ ಮುಖ ನೋಡುತ್ತ ಬರುವಳು, ಸರಿಯಾದವರಿಗೆ ಸರಿಯಾದ ಹೊತ್ತಿಗೆ ಕೊಡುವಳು. ನನ್ನ ಬಾಣಗಳಿಗೆ ಬೆಲೆಯೇ ಇಲ್ಲದಂತಾಯಿತು. ಒಂದು ದಿನ ಮಾತ್ರ ದೊಡ್ಡಾಕಿ ಬುಟ್ಟಿಯ ಕೆಳಗೆ ಕೈ ಎತ್ತಿ ಕೂಗಿ ಕೂಗಿ ಸುಸ್ತಾದರೂ ಇವಳು ಆ ಕಡೆ ಚೆಂಡೇ ಕೊಡಲಿಲ್ಲ. ಆಟ ನಿಂತ ಮೇಲೆ ದೊಡ್ಡಾಕಿ ಸೊಂಟದ ಮೇಲೆ ಕೈಯಿಟ್ಟು, "ಯಾಕಲೇ, ನಾ ಕಾಣಲಿಲ್ಲೇನು?" ಎಂದಳು.

"ಕಂಡ್ರಿ ಅಕ್ಕಾ. ಆದ್ರ ನಿಮಗ ಆಗಲೇ ಎರಡು ಸಲ ಬಡಿಸಿದ್ದೆ. ಉಳಿದವರು ಹಸಕೊಂಡಿದ್ರು."

ಕಾಲು ತಾಗಿತ್ರಿ

ಇನ್ನೊಂದು ಕಾಲೇಜಿನವರ ಜೊತೆ ಅಭ್ಯಾಸದ ಪಂದ್ಯ. ಸಣ್ಣಾಕಿ ಚೆಂಡು ತೆಗೆದುಕೊಂಡು ಓಡುವಾಗ ಎದುರಾಳಿ ಹುಡುಗಿಗೆ ಇವಳ ಕಾಲು ತಾಗಿತು. ಇವಳು ಚೆಂಡು ಅಲ್ಲೇ ಬಿಟ್ಟು, ಬಗ್ಗಿ, ಆ ಹುಡುಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಹುಡುಗಿಯೂ ಈ ಕಡೆಯ ನೆಲದವಳೇ. ಮುಟ್ಟಿಸಿಕೊಂಡು ಸುಮ್ಮನಿರಲು ಅವಳಿಂದಲೂ ಆಗಲಿಲ್ಲ. ಅವಳೂ ಬಗ್ಗಿ ಇವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಬ್ಬರ ಮರ್ಯಾದೆ ಮುಗಿಯುವಷ್ಟರಲ್ಲಿ ಎದುರು ತಂಡದ ಇನ್ನೊಬ್ಬಳು ಚೆಂಡನ್ನು ಬುಟ್ಟಿಗೆ ಹಾಕಿ ಬಂದಿದ್ದಳು.

"ಇದೇನು ಬೀಗರ ಮನಿ ಅಂತ ತಿಳದಿಯೇನು?" ಎಂದು ನಾನು ಕೂಗಿದೆ.

"ಕಾಲು ತಾಗಿತ್ರಿ ಮೇಡಂ."

"ತಾಗ್ಲಿ ಬಿಡು."

"ಹಂಗ ಹ್ಯಾಂಗ ಬಿಡಾಕ ಬರ್ತೈತ್ರಿ?"

ನಾನು ಜಗಳಕ್ಕೆ ಹೋಗದೆ ಒಂದು ಕಾಯಿದೆ ಮಾಡಿದೆ. ತಾಗಿದ್ದೆಲ್ಲ ನೆನಪಿಟ್ಟುಕೊಳ್ಳಬೇಕು, ನಮಸ್ಕಾರ ಆಟ ಮುಗಿದ ಮೇಲೆ ಒಟ್ಟಿಗೆ. ಅವಳು ಒಪ್ಪಿದಳು. ಪಂದ್ಯ ಮುಗಿದ ಮೇಲೆ ಎದುರು ತಂಡದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿ ಬಾಕಿ ತೀರಿಸಿ, ಕೊನೆಗೆ ರೆಫ್ರಿಯ ಮುಂದೆ ನಿಂತು, "ನಡುವ ನಿಮ್ಮ ಕಾಲು ತುಳದಿದ್ದೆರಿ ಸರ್" ಎಂದು ಬಗ್ಗಿದಳು. ರೆಫ್ರಿ ಗಡಬಡಿಸಿ ಹಿಂದೆ ಸರಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಇಷ್ಟು ವರ್ಷದಾಗ ಆಟಗಾರರ ಕಡಿಂದ ನನಗ ಬರೇ ಬೈಗಳ ಬಂದಾವ್ರಿ ಮೇಡಂ. ಈ ಹುಡುಗಿ ಇನ್ನೊಂದು ಸಲ ತುಳದ್ರೂ ನಡೀತೈತಿ."

ನೀರು ಕೊಡುವವಳು

ಇದು ನಗುವ ಸಂಗತಿಯಲ್ಲ, ಆದರೆ ಇದನ್ನು ಹೇಳದೆ ಮುಂದಿನದಕ್ಕೆ ಹೋಗಲಾಗದು. ಹೋದ ವರ್ಷದ ಫೈನಲ್ ಅದು. ಕೊನೆಯ ಗಳಿಗೆ, ನಾವು ಒಂದೇ ಅಂಕ ಹಿಂದೆ. ಚೆಂಡು ಸಣ್ಣಾಕಿಯ ಎಡಗೈಯಲ್ಲಿ. ಅವಳ ಎಡಕ್ಕೆ, ಬುಟ್ಟಿಯ ಕೆಳಗೆ, ದೊಡ್ಡಾಕಿ ಒಬ್ಬಳೇ ನಿಂತಿದ್ದಾಳೆ, ಅಡ್ಡ ಬರುವವರು ಯಾರೂ ಇಲ್ಲ. ಕೊಟ್ಟರೆ ಗೆದ್ದಂತೆ. ಸಣ್ಣಾಕಿ ಕೊಡಲಿಲ್ಲ. ಚೆಂಡನ್ನು ಎಡಗೈಯಿಂದ ಬಲಗೈಗೆ ತಂದುಕೊಂಡಳು. ಆ ಒಂದು ಕ್ಷಣದಲ್ಲಿ ಎದುರಾಳಿ ಕಸಿದುಕೊಂಡು ಓಡಿದಳು.

ದೊಡ್ಡಾಕಿಗೆ ಸಿಟ್ಟು ತಡೆಯಲಾಗಲಿಲ್ಲ. ಎಲ್ಲರ ಮುಂದೆ, "ಇಲ್ಲೇ ಬಾಜೂಕ ನಿಂತಿದ್ನೆಲ್ಲ, ಕೊಡಾಕ ನಿನಗೇನ ಧಾಡಿ ಬಡದಿತ್ತು?" ಎಂದುಬಿಟ್ಟಳು. ಸಂಜೆಯ ಹೊತ್ತಿಗೆ ಅವಳು ಅದನ್ನು ಮರೆತಳು. ಸಣ್ಣಾಕಿ ಮರೆಯಲಿಲ್ಲ. ಅಂದಿನಿಂದ ಅವಳು ಚೆಂಡನ್ನು ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಮುಟ್ಟುವಳು, ಬಂದ ಕೂಡಲೇ ಯಾರಿಗಾದರೂ ದಾಟಿಸಿ ಬದಿಗೆ ಸರಿಯುವಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ದಿನ ಬಂದು, "ಮೇಡಂ, ನಾ ಆಟ ಬಿಟ್ಟು ನೀರು ಕೊಡಾಕಿ ಆಗ್ತೇನ್ರಿ" ಎಂದಳು. "ನೀರು ಕೊಡೂದ್ರಾಗ ತಪ್ಪಾಗಂಗಿಲ್ರಿ. ಬಲಗೈಲೆ ಕೊಡ್ತೇನಿ."

"ನೀರು ಕೊಡಾಕ ಕಾಲೇಜಿನ್ಯಾಗ ನಳ ಐತಿ. ನಳಕ್ಕ ಚೆಂಡ ಪುಟಸಾಕ ಬರಂಗಿಲ್ಲ. ನೀ ಆಡು" ಎಂದೆ. ಅವಳು ನಗಲಿಲ್ಲ. ಮರುದಿನದಿಂದ ಆಟಕ್ಕೇ ಬರಲಿಲ್ಲ.

ಘೋಣಸಗಿಯ ಪಂಕ್ತಿ

ಭಾನುವಾರ ದೊಡ್ಡಾಕಿ ಸ್ಕೂಟಿ ತಂದು ನನ್ನ ಮನೆಯ ಮುಂದೆ ನಿಲ್ಲಿಸಿದಳು. "ಕೂಡ್ರಿ ಮೇಡಂ, ಘೋಣಸಗಿಗೆ ಹೋಗೂಣು."

"ಯಾಕ?"

"ಆಕಿಗೆ ನಾ ಅಂದ ಮಾತು ಅಲ್ಲೇ ಉಳದೈತ್ರಿ. ತಿರುಗಿ ತರಬೇಕು."

ನಾವು ಹೋದಾಗ ಹೊಲದಲ್ಲಿ ಊಟದ ಹೊತ್ತು. ಕಸ ತೆಗೆಯಲು ಬಂದ ಹೆಣ್ಣಾಳುಗಳು ಬೇವಿನ ಮರದ ಕೆಳಗೆ ಸಾಲಾಗಿ ಕೂತಿದ್ದರು. ಸಣ್ಣಾಕಿ ಎಡಗಡೆಯ ಸೊಂಟದ ಮೇಲೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಬಲಗೈಯಿಂದ ಬಡಿಸುತ್ತಿದ್ದಳು. ಯಾರಿಗೆ ಇನ್ನೊಂದು ರೊಟ್ಟಿ ಬೇಕು, ಯಾರು ಸಂಕೋಚಕ್ಕೆ ಸಾಕು ಅನ್ನುತ್ತಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಯಾರ ಕಾಲೂ ತುಳಿಯದೆ ಆ ತುದಿಯಿಂದ ಈ ತುದಿಗೆ ಬಂದಳು. ನಾನು ಕಳೆದುಕೊಂಡ ಪಾಯಿಂಟ್ ಗಾರ್ಡ್ ಅಲ್ಲೇ ಇದ್ದಳು.

ನಮ್ಮನ್ನೂ ಊಟಕ್ಕೆ ಕೂರಿಸಿದರು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಖಾರ ನೆತ್ತಿಗೇರಿ ನಾನು ನೀರಿನ ಚರಿಗೆಗೆ ಕೈ ಚಾಚಿದೆ. ಸಣ್ಣಾಕಿಯ ಆಯಿ, ಅಂದರೆ ಅಜ್ಜಿ, ನನ್ನ ಕೈಯನ್ನು ಗಾಳಿಯಲ್ಲೇ ತಡೆದರು.

"ಎಂಜಲ ಕೈಲೆ ಚರಗಿ ಮುಟ್ತೀರೇನ್ರಿ? ಸಾಲಿ ಕಲಸೋರು ನೀವು. ಬಲಗೈ ಎಂಜಲ ಇದ್ದಾಗ ಎಡಗೈಲೆ ತಗೋಬೇಕು, ಎಡಗೈಲೆನ ಕೊಡಬೇಕು. ಉಳಿದ ಹೊತ್ತಿನ್ಯಾಗ ಎಡಗೈಲೆ ಕೊಟ್ರ ಮಂದಿಗೆ ಅವಮಾನ ಮಾಡಿದಂಗ. ನಮ್ಮ ಹುಡುಗಿನ್ನ ನೋಡ್ರಿ, ತಿಳವಳಿಕಿ ಬಂದಾಗಿಂದ ಒಬ್ಬರಿಗೂ ಎಡಗೈಲೆ ಏನೂ ಕೊಟ್ಟಿಲ್ಲ."

ದೊಡ್ಡಾಕಿಯ ಕೈಯಲ್ಲಿದ್ದ ತುತ್ತು ಅರ್ಧಕ್ಕೇ ನಿಂತಿತು. ಅವಳು ಸಣ್ಣಾಕಿಯ ಕಡೆ ನೋಡಿದಳು. ಸಣ್ಣಾಕಿ ನೆಲ ನೋಡಿದಳು.

"ಅವತ್ತು ಅದಕ್ಕಂತನ ಕೈ ಬದಲಿ ಮಾಡಿದ್ಯಾ?"

"ನೀವ ಹೇಳಿದ್ರೆಲ್ಲರಿ ಅಕ್ಕಾ, ನಾ ಬಡಸಾಕಿ ಅಂತ. ನಿಮಗ ಎಡಗೈಲೆ ಹ್ಯಾಂಗ ಬಡಸೂದ್ರಿ?"

ದೊಡ್ಡಾಕಿ ಸುಲಭಕ್ಕೆ ಅಳುವವಳಲ್ಲ. ಅವತ್ತು ಕಣ್ಣು ತುಂಬಿ ಬಂತು. ಮುಖ ತಿರುಗಿಸಿ ಮೂಗು ಒರೆಸಿಕೊಂಡು, "ಹಿಂಡಿ ಭಾಳ ಖಾರ ಐತ್ರಿ ಆಯಿ" ಎಂದಳು.

ಆಯಿ ಅವಳ ತಾಟಿನ ಕಡೆ ಬಗ್ಗಿ ನೋಡಿದರು. "ನೀ ಹಿಂಡಿ ಇನ್ನೂ ಮುಟ್ಟೇ ಇಲ್ಲಲ್ಲ ಯವ್ವಾ."

ಕಂಡಕ್ಟರನ ಪಾಠ

ಸಣ್ಣಾಕಿ ಆಟಕ್ಕೆ ಮರಳಿದಳು. ದೊಡ್ಡಾಕಿ ಅವಳಿಗೆ ತನ್ನದೇ ಒಂದು ಅಭ್ಯಾಸ ಹಚ್ಚಿದಳು. ಇನ್ನು ಮೇಲೆ ಯಾರಿಗೆ ಏನು ಕೊಟ್ಟರೂ ಎಡಗೈಯಿಂದಲೇ ಕೊಡಬೇಕು. ಆ ವಿದ್ಯೆ ಟಿಕೋಟಾ ಬಸ್ಸಿನಲ್ಲೇ ಮುಗಿಯಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದದ್ದರಿಂದ ಆಧಾರ್ ಕಾರ್ಡು ತೋರಿಸಬೇಕಲ್ಲ, ಇವಳು ಕಣ್ಣು ಮುಚ್ಚಿ ಎಡಗೈಯಿಂದ ಚಾಚಿದಳು.

"ಪುಕ್ಕಟೆ ಟಿಕೆಟ್, ಅದರಾಗ ಎಡಗೈ ಬ್ಯಾರೆ" ಎಂದು ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ ಅಂದರು.

"ತಪ್ಪಾತ್ರಿ ಅಣ್ಣಾರ. ಬಾಸ್ಕೆಟ್‌ಬಾಲ್ ಕಲಿಯಾಕತ್ತೇನ್ರಿ."

ಕಂಡಕ್ಟರಿಗೆ ಅದು ತಿಳಿಯಲಿಲ್ಲ, ಬಸ್ಸಿನಲ್ಲಿ ಯಾರಿಗೂ ತಿಳಿಯಲಿಲ್ಲ. ಇವಳು ನಾಚಿಕೆಯಿಂದ ಕಾರ್ಡನ್ನು ಬಲಗೈಗೆ ತಂದುಕೊಂಡಳು. ಅಂಗಳದಲ್ಲೂ ಅದೇ ಕತೆ. ಎಡಗೈ ಮೇಲೆ ಏಳುವುದು, ಅರ್ಧಕ್ಕೆ ನಿಲ್ಲುವುದು. "ಕೈ ಒಪ್ಪವಲ್ದ್ರಿ ಅಕ್ಕಾ" ಎಂದು ಕಣ್ಣೀರು ಹಾಕುವಳು. ದೊಡ್ಡಾಕಿ ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುವಳು, ಅಷ್ಟೇ.

ಕಂಡಕ್ಟರ್ ಮಾತ್ರ ಅಂದಿನಿಂದ ಇವಳ ಕಾರ್ಡು ನೋಡುವುದನ್ನೇ ಬಿಟ್ಟರು. ಬಸ್ಸು ಹತ್ತಿದ ಕೂಡಲೇ ದೂರದಿಂದಲೇ, "ಬ್ಯಾಡವಾ, ಕೈ ಇಳಸು, ಟಿಕೆಟ್ ತಗೋ" ಅನ್ನುತ್ತಿದ್ದರು.

ಬಬಲೇಶ್ವರದಲ್ಲಿ ಹೋಳಿಗೆ

ಈ ವರ್ಷದ ಫೈನಲ್ ಬಬಲೇಶ್ವರದಲ್ಲಿ. ಎದುರಿಗೆ ಹೋದ ವರ್ಷ ನಮ್ಮನ್ನು ಸೋಲಿಸಿದ ತಂಡವೇ. ಸಣ್ಣಾಕಿ ಎಡಗೈಯಿಂದ ಚೆಂಡು ಕೊಡುವುದಿಲ್ಲ ಎಂಬುದು ಅವರಿಗೂ ಗೊತ್ತಾಗಿತ್ತು. ಅವಳು ಬೆಂಚಿನ ಮೇಲೆ ಶೂ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತ ಕೂತಿದ್ದಳು. ಇವತ್ತೂ ತಪ್ಪಿದರೆ ಈ ಹುಡುಗಿ ಮತ್ತೆ ಚೆಂಡು ಮುಟ್ಟುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ದೊಡ್ಡಾಕಿ ಚೀಲದಿಂದ ಶೇಂಗಾ ಹೋಳಿಗೆ ತೆಗೆದು, "ತಿನ್ನು" ಎಂದಳು. ಅಕ್ಕ ಹೇಳಿದ ಮೇಲೆ ಮುಗಿಯಿತು, ಇವಳು ತಿಂದಳು. ಕೈ ತೊಳೆಯಲು ಎದ್ದಳು. ದೊಡ್ಡಾಕಿ ಅವಳ ಮುಂಗೈ ಹಿಡಿದಳು.

"ತೊಳಿಬ್ಯಾಡ. ಈಗ ನಿನ್ನ ಬಲಗೈ ಏನಾತು?"

"ಎಂಜಲಾತ್ರಿ."

"ಬಲಗೈ ಎಂಜಲಾದ್ರ ಯಾವ ಕೈಲೆ ಕೊಡಬೇಕಂತ ಹೇಳ್ಯಾರ ನಿಮ್ಮ ಆಯಿ?"

ಸಣ್ಣಾಕಿ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಡಗೈಲೆನರಿ."

ಆಟ ಶುರುವಾಯಿತು. ಅವರೆಲ್ಲ ಇವಳ ಬಲಗಡೆ ಕಾದು ನಿಂತರು. ಇವಳು ಎಡಗೈಯಿಂದ ಪುಟಿಸಿದಳು, ಎಡಗೈಯಿಂದಲೇ ಬಡಿಸಿದಳು. ದೊಡ್ಡಾಕಿಗೆ ಅವತ್ತು ಹೊಟ್ಟೆ ತುಂಬ ಊಟ. ಸಣ್ಣಾಕಿ ಮತ್ತೆ ಎಲ್ಲರ ಮುಖ ನೋಡುತ್ತಿದ್ದಳು.

ನಡುವಿನ ವಿರಾಮದ ಮೇಲೆ ಅವರು ಎಚ್ಚೆತ್ತು ಎಡಗಡೆ ಮುತ್ತಿದರು. ಅಂಕಗಳು ಸಮವಾದವು. ನಾನು ಬದಿಯಿಂದ, "ಬಲಗೈ ಹಾಕು" ಎಂದು ಕೂಗಿದೆ. ಅಂಗಳದಿಂದ ಉತ್ತರ ಬಂತು: "ಬಲಗೈ ಎಂಜಲೈತ್ರಿ ಮೇಡಂ."

ಎದುರು ತಂಡದ ಕೋಚ್ ಮರುಕದಿಂದ ನನ್ನ ಹತ್ತಿರ ಬಂದರು. "ಆ ಹುಡುಗಿ ಬಲಗೈಗೆ ಪೆಟ್ಟಾಗೇತೇನ್ರಿ?"

"ಇಲ್ರಿ," ಎಂದೆ. "ಹೋಳಗಿ ತಿಂದಾಳ."

ಕೊನೆಯ ಟೈಮ್ ಔಟ್ ತೆಗೆದುಕೊಂಡಾಗ ನಾವು ಮತ್ತೆ ಒಂದು ಅಂಕ ಹಿಂದೆ. ನಾನು ಹಿಂದುಮುಂದು ನೋಡದೆ ಬಾಟಲಿಯ ನೀರನ್ನು ಸಣ್ಣಾಕಿಯ ಬಲಗೈ ಮೇಲೆ ಸುರಿದು ಉಜ್ಜಿ ತೊಳೆದೆ. "ಹ್ಞಾಂ, ಈಗ ಎರಡೂ ಕೈಲೆ ಆಡು." ದೊಡ್ಡಾಕಿ ನನ್ನನ್ನು ನುಂಗುವ ಹಾಗೆ ನೋಡಿದಳು. ಆಗ ನನಗೆ ಹೊಳೆಯಿತು. ಬಲಗೈ ಶುದ್ಧವಾಯಿತು ಅಂದರೆ ಎಡಗೈಗೆ ಆಯಿಯ ಅಪ್ಪಣೆಯೂ ಮುಗಿಯಿತು. ಇನ್ನೊಂದು ಹೋಳಿಗೆ ತಿನ್ನಿಸಲು ಹೊತ್ತಿರಲಿಲ್ಲ. ಸೀಟಿ ಆಯಿತು.

ಮತ್ತೆ ಅದೇ ಜಾಗ. ಚೆಂಡು ಸಣ್ಣಾಕಿಯ ಎಡಗೈಯಲ್ಲಿ, ಅವಳ ಎಡಕ್ಕೆ ಬುಟ್ಟಿಯ ಕೆಳಗೆ ದೊಡ್ಡಾಕಿ. ದೊಡ್ಡಾಕಿ ಈ ಸಲ ಕೂಗಲಿಲ್ಲ, ಸುಮ್ಮನೆ ಎರಡೂ ಕೈ ಚಾಚಿ ನಿಂತಳು. ಸಣ್ಣಾಕಿಯ ಬಲಗೈ ಚೆಂಡಿನ ಕಡೆ ಸ್ವಲ್ಪ ಬಂತು. ಅದನ್ನು ನಂಬಿ ಎದುರಾಳಿ ಬಲಕ್ಕೆ ಹಾರಿದಳು. ಅಷ್ಟರಲ್ಲಿ ಚೆಂಡು ಎಡಗೈಯಿಂದ ಹೊರಟು ಹೋಗಿತ್ತು. ದೊಡ್ಡಾಕಿ ಹಿಡಿದು ಬುಟ್ಟಿಗೆ ಹಾಕಿದಳು. ಗೆದ್ದೆವು.

ಎಲ್ಲರೂ ಕುಣಿಯುತ್ತಿದ್ದರೆ ಸಣ್ಣಾಕಿ ಮಾತ್ರ ಬಿಳಿಚಿಕೊಂಡು ನಿಂತಿದ್ದಳು. ಉರುಳಿ ಹೋದ ಚೆಂಡನ್ನು ಹುಡುಕಿ ತಂದು, ಬಲಗೈಯ ಮೇಲಿಟ್ಟುಕೊಂಡು, ಹಿರಿಯರಿಗೆ ಕೊಡುವ ಹಾಗೆ ಎಡಗೈಯಿಂದ ಬಲ ಮೊಣಕೈ ಮುಟ್ಟಿ, ದೊಡ್ಡಾಕಿಯ ಮುಂದೆ ಬಂದಳು.

"ಅಕ್ಕಾ, ಕೈ ತೊಳದಾಗಿತ್ರಿ. ಆದ್ರೂ ಎಡಗೈಲೆ ಕೊಟ್ಟಬಿಟ್ಟೆ. ಬ್ಯಾರೆ ತಿಳ್ಕೋಬ್ಯಾಡ್ರಿ. ಈಗ ತಗೋರಿ."

ದೊಡ್ಡಾಕಿ ಎರಡೂ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಚೆಂಡನ್ನು ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು. ಈ ಸಲ ದೂರಲು ಹಿಂಡಿಯೂ ಇರಲಿಲ್ಲ, ಅವಳು ಅತ್ತಳು. ಆಮೇಲೆ ಚೆಂಡನ್ನು ತಿರುಗಿ ಸಣ್ಣಾಕಿಯ ಕೈಗೆ ಕೊಟ್ಟು, "ಇನ್ನೊಂದು ಸಲ ಕೊಡಬೇ" ಎಂದಳು. "ಎಡಗೈಲೆ."

ಅಷ್ಟರಲ್ಲಿ ರೆಫ್ರಿ ಬಂದರು. ಕಾಲು ತುಳಿಸಿಕೊಂಡವರು ಅವರೇ. "ಚೆಂಡು ಕೊಡ್ರವಾ, ಹುಡುಗರ ಮ್ಯಾಚ್ ಚಾಲೂ ಆಗಬೇಕು" ಎಂದು ಕೈ ಚಾಚಿದರು.

ದೊಡ್ಡಾಕಿ ಕಣ್ಣೊರೆಸಿಕೊಂಡು ಅವರನ್ನು ತಡೆದಳು. "ಒಂದೀಟು ತಡೀರಿ ಸರ್. ಇನ್ನೂ ಬಡಸಾಕತ್ತಾಳ."